ನಿಮ್ಮವ್ವಾರು ಏನಂದ್ರು?

ಮನುಕುಲದ ಜ್ಞಾನವನ್ನು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿಸುವ ಪವಿತ್ರ ಹೊಣೆ ಗ್ರಂಥಪಾಲರ ಹೆಗಲ ಮೇಲಿದೆ ಎಂದು ಬಲ್ಲವರು ಹೇಳುತ್ತಾರೆ. ಆ ದಿನಗಳಲ್ಲಿ ದಾಂಡೇಲಿಯ ನಮ್ಮ ಕಾಲನಿಯ ಮಟ್ಟಿಗೆ ಆ ಹೊಣೆ ರುದ್ರಪ್ಪ ಕಾಕಾ ಅವರ ಹೆಗಲ ಮೇಲಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅವರು ಆ ಜ್ಞಾನದ ಎರಡು ದಪ್ಪ ಸಂಪುಟಗಳನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು.

ಗ್ರಂಥಾಲಯವೆಂದರೆ ಭಾರೀ ಕಟ್ಟಡವೇನಲ್ಲ. ಕ್ವಾರ್ಟರ್ಸುಗಳ ಸಾಲು ಮುಗಿಯುವಲ್ಲಿ ಹೆಂಚು ಹೊದಿಸಿದ ಒಂದು ಕೋಣೆ, ಮುಂದೆ ಉದ್ದನೆಯ ಕಟ್ಟೆ. ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿದ ಭೋಂಗಾ ಕೂಗಿತೆಂದರೆ ಗಂಡಸರು ಬಂದು ಕಟ್ಟೆ ಹಿಡಿಯುತ್ತಿದ್ದರು. ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಬಿಡಿಸಿಕೊಂಡು, ಕಾಲು ಬೆಂಚಿನ ಮೇಲಿಟ್ಟುಕೊಂಡು, ದೇಶದ ಆಗುಹೋಗುಗಳನ್ನು ಪರಿಶೀಲಿಸುತ್ತಿದ್ದರು. "ಮೂರನೇ ಪಾನು ಯಾರ ಹಂತೇಕ ಐತಿ?" ಎಂದು ಪುಟ ಹುಡುಕುವ ಕೂಗು ಅಲ್ಲಿಂದ ನಮ್ಮ ಮನೆಯವರೆಗೆ ಕೇಳಿಸುತ್ತಿತ್ತು. ಮೇಲೆ ಕಾಗದದ ಕಾರ್ಖಾನೆಯ ಆ ಹಳಸಿದ ಎಲೆಕೋಸಿನಂಥ ವಾಸನೆ. ಊರಿಗೆ ಹೊಸಬರು ಮೂಗು ಮುಚ್ಚುತ್ತಿದ್ದರು. ನಾವು ಮಾತ್ರ ಬೇರೆ ಊರಿಗೆ ಹೋದಾಗ ಗಾಳಿಯಲ್ಲಿ ಏನೋ ಕಡಿಮೆಯಾಗಿದೆಯಲ್ಲ ಎಂದು ಹುಡುಕುತ್ತಿದ್ದೆವು.

ಇಂಥ ಕಟ್ಟೆಯನ್ನು ದಾಟಿ ಒಳಗೆ ಹೋಗುವ ಹೆಂಗಸು ಕಾಲನಿಯಲ್ಲಿ ಹುಟ್ಟಿರಲಿಲ್ಲ. ಹಾಗೆಂದು ಅವರು ಓದುತ್ತಿರಲಿಲ್ಲ ಎಂದಲ್ಲ. ಗಂಡಸರು ಪತ್ರಿಕೆಯನ್ನು ಪರಿಶೀಲಿಸುತ್ತಿದ್ದರು, ಓದುತ್ತಿದ್ದವರು ಹೆಂಗಸರೇ. ಮನೆಗೊಂದು ಕಾರ್ಡು, ಅದು ಗಂಡನ ಹೆಸರಿನಲ್ಲಿ. ವಾರಕ್ಕೊಂದು ಪುಸ್ತಕ, ಅದನ್ನು ತರುವುದು ಮಕ್ಕಳು. ನಮ್ಮಪ್ಪ ಬಾಯ್ಲರ್ ಕಡೆ ಕೆಲಸದಲ್ಲಿದ್ದ. ಅವನ ಹೆಸರಿನ ಕಾರ್ಡಿನಲ್ಲಿ ಅವನು ಒಂದು ಪುಸ್ತಕವನ್ನೂ ಮುಟ್ಟಿದವನಲ್ಲ. ಆ ಕಾರ್ಡಿನ ಆಸ್ತಿಯನ್ನು ಅನುಭವಿಸುತ್ತಿದ್ದವಳು ಅವ್ವ. ಆಡಳಿತಾಧಿಕಾರಿ ಹತ್ತು ವರ್ಷದ ನಾನು.

ರುದ್ರಪ್ಪ ಕಾಕಾ ಯಾವ ತರಬೇತಿಯನ್ನೂ ಪಡೆದವರಲ್ಲ. ಅವರ ಕೋಣೆಯಲ್ಲಿ ನಾಲ್ಕು ಕಪಾಟುಗಳಿದ್ದವು: ಅಳುವ ಕಪಾಟು, ನಗುವ ಕಪಾಟು, ಹೊಡೆದಾಟದ ಕಪಾಟು, ದೇವರ ಕಪಾಟು. ಜಗತ್ತಿನ ಸಾಹಿತ್ಯವೆಲ್ಲ ಈ ನಾಲ್ಕರಲ್ಲಿ ಅಡಗುತ್ತದೆಂದು ಅವರ ನಂಬಿಕೆ. ಈ ವಯಸ್ಸಿನವರೆಗೆ ಓದಿ ನೋಡಿದರೂ ನನಗೆ ಐದನೆಯದು ಬೇಕೆನಿಸಿಲ್ಲ. ನಾಲ್ಕಕ್ಕೂ ಬೀಗ. ಕೀಲಿಗಳನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದರಿಂದ ಕಪಾಟು ತೆರೆಯಬೇಕಾದರೆ ಕಾಕಾ ಅದನ್ನು ಅಪ್ಪಿಕೊಂಡ ಹಾಗೆ ನಿಲ್ಲಬೇಕಾಗುತ್ತಿತ್ತು. ಕೆಳಗಿನ ಬೀಗಕ್ಕೆ ಮಂಡಿಯೂರಬೇಕು. ದೇವರ ಕಪಾಟಿನ ಬೀಗ ಕೆಳಗಿತ್ತು.

ಯಾರೂ ತಮಗೆ ಬೇಕಾದ ಪುಸ್ತಕವನ್ನು ತಾವೇ ಆರಿಸುವ ಪದ್ಧತಿ ಇರಲಿಲ್ಲ. ದವಾಖಾನೆಯಲ್ಲಿ ಔಷಧಿಯನ್ನು ನಾವೇ ಆರಿಸುತ್ತೇವೆಯೆ? ಹಳೆಯ ಪುಸ್ತಕವನ್ನು ಮೇಜಿನ ಮೇಲಿಟ್ಟ ಕೂಡಲೇ ಕಾಕಾ ಕನ್ನಡಕ ಏರಿಸಿ ಕೇಳುತ್ತಿದ್ದರು: "ನಿಮ್ಮವ್ವಾರು ಏನಂದ್ರು?"

ನಾವು ಹೇಳಬೇಕು. ಅವರು ಉದ್ದನೆಯ ವಹಿಯಲ್ಲಿ ಆ ಮನೆಯ ಪುಟ ತೆಗೆದು ಬರೆದುಕೊಳ್ಳುತ್ತಿದ್ದರು. ಅತ್ತರು. ನಕ್ಕರು. ನಿದ್ದಿ ಬಂತು. ಅರ್ಧಕ್ಕ ಬಿಟ್ಟರು. ಅದನ್ನು ನೋಡಿ ಮುಂದಿನ ಪುಸ್ತಕ. ಹೀಗೆ ಕಾಲನಿಯ ಹೆಂಗಸರ ಒಳಗನ್ನೆಲ್ಲ ಬಲ್ಲವರಾಗಿದ್ದ ಕಾಕಾ, ಅವರಲ್ಲಿ ಒಬ್ಬರ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ನನ್ನ ಕಷ್ಟವೇನೆಂದರೆ, ಅವ್ವ ಯಾವ ಪುಸ್ತಕ ಓದಿದರೂ "ಚಲೋ ಐತಿ" ಎನ್ನುತ್ತಿದ್ದಳು. ಅದನ್ನೇ ವರದಿ ಮಾಡಿದರೆ ಕಾಕಾಗೆ ಸಿಟ್ಟು.

"ಚಲೋ ಐತಿ ಅಂದ್ರ ಏನೂ ಅನ್ನಲಾರದಂಗಾತು. ಉಪ್ಪಿಟ್ಟಿಗೂ ಚಲೋ ಐತಿ ಅಂತಾರ. ಅತ್ತರೋ ಇಲ್ಲೋ?"

"ಅತ್ಲರಿ."

"ಎಲ್ಲೆ?"

"ಅಡಗಿ ಮನಿಯಾಗ್ರಿ."

"ಏ ಹುಚ್ಚಿ, ಕತಿಯಾಗ ಎಲ್ಲೆ?"

ಇದಕ್ಕೆ ಉತ್ತರ ಕೊಡಬೇಕಾದರೆ ಪುಸ್ತಕವನ್ನು ನಾನೂ ಓದಬೇಕು. ಓದತೊಡಗಿದೆ. ಅವ್ವ ಎಲ್ಲಿ ಅತ್ತಿರಬಹುದೆಂದು ಊಹಿಸಿ ಹೇಳತೊಡಗಿದೆ. ನನ್ನ ವರದಿಗಳು ಎಷ್ಟು ಚೆನ್ನಾಗಿದ್ದವೆಂದರೆ ಕಾಕಾ ಒಮ್ಮೆ ಮೇಜಿನ ಖಾನೆಯಿಂದ ಒಂದು ಮುಷ್ಟಿ ಪುಠಾಣಿ, ಒಂದು ತುಣುಕು ಹಳಿಯಾಳದ ಬೆಲ್ಲ ಕೊಟ್ಟರು. ಸುಳ್ಳಿಗೆ ಸಿಕ್ಕ ಮೊದಲ ಸಂಭಾವನೆ ಅದು. ಬೆಲ್ಲಕ್ಕೆ ಹಳೆಯ ಕಾಗದದ ವಾಸನೆ ಹತ್ತಿತ್ತು.

ಅಲ್ಲಿಗೇ ನಿಲ್ಲಿಸಿದ್ದರೆ ನನ್ನನ್ನು ಸಾಹಿತ್ಯಪ್ರೇಮಿ ಎನ್ನಬಹುದಿತ್ತು. ಆದರೆ ಬೇಸಿಗೆ ರಜೆ ಬಂತು. ಮಕ್ಕಳಿಗೆಂದು ಗ್ರಂಥಾಲಯದಲ್ಲಿ ಒಂದು ತಗಡಿನ ಪೆಟ್ಟಿಗೆಯಿತ್ತು. ಅದರಲ್ಲಿ ಹನ್ನೊಂದು ಪುಸ್ತಕ, ಎಲ್ಲದರಲ್ಲೂ ಒಳ್ಳೆಯ ಮಕ್ಕಳು. ಹನ್ನೊಂದನ್ನೂ ಎರಡೆರಡು ಸಲ ಓದಿ ನನಗೆ ಒಳ್ಳೆಯತನದ ಬಗ್ಗೆಯೇ ವಾಕರಿಕೆ ಬಂದಿತ್ತು. ಹೊಡೆದಾಟದ ಕಪಾಟಿನ ಗಾಜಿನ ಹಿಂದೆ ಮಾತ್ರ ಚೂರಿಗಳು, ಪಿಸ್ತೂಲುಗಳು, ಕಪ್ಪು ಕುದುರೆಯ ಮೇಲೆ ಕೂತ ಡಕಾಯಿತರು. ಅದು ದೊಡ್ಡವರ ಕಾರ್ಡಿಗೆ ಮಾತ್ರ.

ಒಂದು ಸೋಮವಾರ ನಾನು ಗಂಟಲು ಸರಿಪಡಿಸಿಕೊಂಡು ಹೇಳಿದೆ: "ಅವ್ವಗ ಅಳೂದು ಸಾಕಾಗೇತಂತ್ರಿ. ಡಕಾಯಿತರದು ಬೇಕಂತ."

ಕಾಕಾ ಪೆನ್ನು ಕೆಳಗಿಟ್ಟರು. "ನಿಮ್ಮವ್ವಾರಿಗೆ?"

"ಹೂಂನ್ರಿ. ಕೊಲಿ ಇದ್ರ ಇನ್ನೂ ಚಲೋ ಅಂದ್ಲು."

ಅವರು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದರು. ಒಬ್ಬ ಗೃಹಿಣಿಯ ಮನಸ್ಸಿನ ಆಳ ಯಾರಿಗೆ ತಿಳಿದೀತು ಎಂಬ ಗಾಂಭೀರ್ಯ ಮುಖದಲ್ಲಿತ್ತು. ಬರೆದುಕೊಂಡರು. ಎದ್ದು ಹೋಗಿ ಕಪಾಟನ್ನು ಅಪ್ಪಿಕೊಂಡರು.

ಆ ದಿನ ಮನೆಗೆ ಬರುವ ದಾರಿ ಉದ್ದವಾಯಿತು. ನೀರಿನ ಟಾಕಿಯ ಕೆಳಗೆ ಗೆಳತಿಯರು ಕುಂಟಾಬಿಲ್ಲೆ ಆಡುತ್ತಿದ್ದರು. ಜೊಯಿಡಾ ಕಡೆಯ ಒಬ್ಬ ಹೆಂಗಸು ಬುಟ್ಟಿ ಇಳಿಸಿ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುತ್ತಿದ್ದಳು. ನಾನು ಎರಡಕ್ಕೂ ತಿರುಗಿ ನೋಡದೆ ಹಿತ್ತಲ ಪೇರಲ ಗಿಡ ಹತ್ತಿ ಮೊದಲ ಕೊಲೆ ಮುಗಿಸಿದೆ. ಆಮೇಲೆ ಇಳಿದು ಅವ್ವನ ಕೈಗೆ ಕೊಟ್ಟೆ.

ಅವ್ವ ಮುಖಪುಟ ನೋಡಿದಳು. ರಕ್ತ ಸೋರುವ ಚೂರಿ. "ಇದನ್ಯಾಕ ಕೊಟ್ರು?"

"ನಿಮ್ಮವ್ವಾರಿಗೆ ಇದ ಸರಿ ಅಂದ್ರು."

"ಹಂಗಂದ್ರಾ?" ಅವ್ವ ಯೋಚಿಸಿದಳು. "ತಿಳಿದ ಮನಷ್ಯಾರು. ಏನರ ವಿಚಾರ ಮಾಡೇ ಕೊಟ್ಟಿರಬೇಕು ತಗೋ." ಎಂದು, ಕಷಾಯ ಕುಡಿಯುವವಳ ಹಾಗೆ ಕುಳಿತು ಮೊದಲ ಪುಟ ತೆರೆದಳು.

ಹೀಗೆ ಆ ಬೇಸಿಗೆಯಲ್ಲಿ ನಮ್ಮ ಮನೆಗೆ ವಾರಕ್ಕೊಂದು ಕೊಲೆ ಬರತೊಡಗಿತು.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತು, ಅವ್ವ ನನಗೊಂದು ಕೆಲಸ ಹೇಳದೇ ಹೋಗಿದ್ದರೆ.

ಏಪ್ರಿಲ್ ತಿಂಗಳು. ಮಾಳಿಗೆಯ ಮೇಲೆ ಶಂಡಿಗೆ ಹಾಕುತ್ತಿದ್ದೆವು. ಬಿಸಿ ಹಿಟ್ಟಿನ ಜೀರಿಗೆ ವಾಸನೆ, ಕೆಳಗೆ ಹಾಸಿದ ಅಪ್ಪನ ಹಳೇ ಧೋತರ. ಕಾಗೆ ಕಾಯುವ ನೆಪದಲ್ಲಿ ನಾನು ಹಸಿ ಶಂಡಿಗೆ ತಿನ್ನುತ್ತಿದ್ದೆ. ಅವ್ವ ಹಿಟ್ಟು ಒತ್ತುತ್ತಲೇ ಹೇಳಿದಳು.

"ನಾ ಸಣ್ಣಾಕಿ ಇದ್ದಾಗ ತವರಮನ್ಯಾಗ ಒಂದು ಪುಸ್ತಕ ಇತ್ತು. ರಟ್ಟು ಇರಲಿಲ್ಲ, ಹೆಸರೂ ಗೊತ್ತಿಲ್ಲ. ಒಬ್ಬಾಕಿ ಕೂಸಿನ ಕರಕೊಂಡು ರೈಲಿನ್ಯಾಗ ಹೊಂಟಿರ್ತಾಳ. ಒಂದು ಸಣ್ಣ ಟೇಶನ್ನಿನ್ಯಾಗ ಕೂಸಿಗೆ ನೀರು ತರಾಕ ಚರಿಗಿ ಹಿಡಕೊಂಡು ಇಳೀತಾಳ. ನಳ ಸಣ್ಣಗ ಬರತಿರತೈತಿ. ಚರಿಗಿ ತುಂಬೂದ್ರಾಗ ರೈಲು ಹೋಗಿಬಿಡತೈತಿ."

"ಕೂಸು?"

"ರೈಲಿನ್ಯಾಗ."

"ಮುಂದ?"

"ಮುಂದಿನ ಹಾಳಿ ಇರಲಿಲ್ಲ. ನಿಮ್ಮ ಮಾವ ಬಚ್ಚಲ ಒಲಿಗೆ ಹಾಕಿದ್ದ." ಅವ್ವ ಕೈ ನಿಲ್ಲಿಸಿದಳು. "ನನ್ನ ಲಗ್ನ ಆತು, ನೀ ಹುಟ್ಟಿದಿ, ನಿನ್ನ ತಮ್ಮ ಹುಟ್ಟಿದ. ಆ ಕೂಸು ಇನ್ನೂ ರೈಲಿನ್ಯಾಗ ಐತಿ ನೋಡು. ರುದ್ರಪ್ಪನವರನ್ನ ಒಂದೀಟು ಕೇಳು. ಅವರಿಗೆ ಗೊತ್ತಿರಬಹುದು."

ನಾನು ಕೇಳಲಿಲ್ಲ.

ಕಾರಣಗಳು ನನ್ನ ಬಳಿ ಆಗಲೂ ಇದ್ದವು. ಕಾರ್ಡಿಗೆ ಒಂದೇ ಪುಸ್ತಕ. ಆ ಕೂಸು ಬಂದರೆ ಆ ವಾರದ ಡಕಾಯಿತ ಹೋದ. ಮೇಲಾಗಿ ವಹಿಯಲ್ಲಿ ನಾನು ಕಟ್ಟಿಕೊಟ್ಟ ಹೆಂಗಸು ರಕ್ತ ಕಂಡರೆ ಹಿಗ್ಗುವವಳು. ಅವಳು ಇದ್ದಕ್ಕಿದ್ದಂತೆ ರೈಲು ತಪ್ಪಿದ ತಾಯಿಯನ್ನು ಕೇಳಿದರೆ ಕಾಕಾಗೆ ಸಂಶಯ ಬಾರದೆ? ಸುಳ್ಳು ಹೇಳುವವರಿಗೆ ಪಾತ್ರಪೋಷಣೆಯ ಚಿಂತೆ ಕಾದಂಬರಿಕಾರರಿಗಿಂತ ಹೆಚ್ಚು.

ಪ್ರತಿ ಸೋಮವಾರ ಅವ್ವ ಬಾಗಿಲಲ್ಲೇ ಕೇಳುತ್ತಿದ್ದಳು. "ಕೇಳಿದ್ಯೇನು?"

"ಕೇಳೀನಿ. ಹುಡುಕ್ತೇನಿ ಅಂದ್ರು."

"ಪಾಪ, ಅವರಿಗೂ ಎಷ್ಟ್ ಕೆಲಸ" ಎಂದು ಅವ್ವ ಚೂರಿಯ ಪುಸ್ತಕ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು.

ಮೇ ಎರಡನೇ ವಾರ ಸುದ್ದಿ ಬಂತು: ಕಾಕಾ ನಿವೃತ್ತರಾಗುತ್ತಾರೆ, ಅವರ ಜಾಗಕ್ಕೆ ಧಾರವಾಡದಲ್ಲಿ ಗ್ರಂಥಾಲಯದ ಪರೀಕ್ಷೆ ಪಾಸು ಮಾಡಿದ ಒಬ್ಬ ಹೆಣ್ಣುಮಗಳು ಬಂದಿದ್ದಾರೆ. ಹಳ್ಳಿ ಶಾಲೆಯ ರೂಢಿಯಂತೆ ಎಲ್ಲರೂ ಅವರನ್ನು ಅಕ್ಕೋರು ಎಂದರು. ಕಟ್ಟೆಯ ಗಂಡಸರಲ್ಲಿ ಗಂಭೀರ ಚರ್ಚೆ ನಡೆಯಿತು. ಪುಸ್ತಕ ಕೊಡುವುದಕ್ಕೂ ಪರೀಕ್ಷೆಯೇ? ನಾಳೆ ಪತ್ರಿಕೆ ಓದುವುದಕ್ಕೂ ಪರೀಕ್ಷೆ ಇಟ್ಟರೆ?

ಅಕ್ಕೋರು ಎರಡು ವಾರ ಮಾತಾಡಲೇ ಇಲ್ಲ, ಎಣಿಸಿದರು. ಪ್ರತಿ ಪುಸ್ತಕದ ಬೆನ್ನಿಗೆ ಒಂದು ಸಂಖ್ಯೆ ಅಂಟಿಸಿದರು. ಸಣ್ಣ ಸಣ್ಣ ಖಾನೆಗಳ ಒಂದು ಪೆಟ್ಟಿಗೆ ತರಿಸಿ ಪುಸ್ತಕಕ್ಕೊಂದು ಚೀಟಿ ಬರೆದರು. ನಾಲ್ಕು ಕಪಾಟುಗಳ ಬೀಗ ತೆಗೆಸಿದರು. ಕಾಕಾ ಉಡದಾರದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟಾಗ ಅವರ ಧೋತರ ಸ್ವಲ್ಪ ಸಡಿಲಾಯಿತೆಂದು ಕಟ್ಟೆಯಲ್ಲಿ ವರದಿಯಾಯಿತು. ಕೊನೆಗೆ ಹೊಸ ನಿಯಮ: ಇನ್ನು ಮನೆಗೊಂದು ಕಾರ್ಡಲ್ಲ, ಓದುವವರಿಗೊಂದು ಕಾರ್ಡು. ಓದುವವರು ಖುದ್ದಾಗಿ ಬಂದು ಸಹಿ ಮಾಡಬೇಕು.

ಈ ಕೊನೆಯ ಸುದ್ದಿಯನ್ನು ಮನೆಗೆ ತಂದವನು ಅಪ್ಪ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಆ ಕಟ್ಟಿ ಮ್ಯಾಲಿನ ಮಂದಿ ನಡುವಿಂದ ಹೆಂಗ ಹೋಗೂದು?" ಎಂದಳು.

"ಕಾಲಿಲೆ ಹೋಗೂದು" ಎಂದ ಅಪ್ಪ, ಮೊಸರು ಕಲಸಿಕೊಳ್ಳುತ್ತ.

ಅವ್ವ ಇನ್ನೆರಡು ರೊಟ್ಟಿ ಬಡಿದಳು. "ಹೋಗತೇನಿ. ರುದ್ರಪ್ಪನವರು ಹೋಗೂದ್ರಾಗ ಆ ಕೂಸಿಂದು ನಾನ ಕೇಳತೇನಿ."

ಶೇಂಗಾ ಚಟ್ನಿಯನ್ನು ನಾನು ಅರ್ಧಕ್ಕೆ ಬಿಟ್ಟ ದಿನ ಅದೊಂದೇ.

ಕಾಕಾ ಅವರ ಕೊನೆಯ ದಿನ ಅವ್ವ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟಳು, ಸೆರಗು ಹೊದ್ದಳು, ನನ್ನ ಕೈ ಹಿಡಿದಳು. ಅವಳ ಅಂಗೈ ಬೆವರಿತ್ತು, ನನ್ನದೂ. ಕಾರಣ ಬೇರೆ ಬೇರೆ. ಕಟ್ಟೆ ಹತ್ತಿರವಾದಂತೆ ಬೆಂಚಿನಿಂದ ಕಾಲುಗಳು ಒಂದೊಂದಾಗಿ ಕೆಳಗಿಳಿದವು. ಮೂರನೇ ಪುಟ ಯಾರ ಕೈಯಲ್ಲಿತ್ತೋ ಅವರು ಅದನ್ನು ಮುಖಕ್ಕೆ ಅಡ್ಡ ಹಿಡಿದರು. ಅವ್ವ ದಾಟಿದಳು.

ಒಳಗೆ ಕಾಕಾ ಮತ್ತು ಅಕ್ಕೋರು ಮೇಜಿನ ಎರಡು ಕಡೆ ಕೂತಿದ್ದರು. ನನ್ನ ಹಿಂದೆ ಅವ್ವನನ್ನು ಕಂಡ ಕಾಕಾ ಕುರ್ಚಿ ಸರಿಸಿ ಎದ್ದೇ ನಿಂತರು.

"ಬರ್ರಿ ತಾಯಿ, ಬರ್ರಿ! ಗಿರಿಜಾನ ಅವ್ವಾರಲ್ಲೇನು? ಅಕ್ಕೋರ, ನೋಡ್ರಿ ಇಲ್ಲೆ. ಈ ಕಾಲನಿಯಾಗ ಇವರಷ್ಟು ಗಟ್ಟಿ ಎದಿ ಯಾರಿಗೂ ಇಲ್ಲ. ಎಂಟು ವಾರದಾಗ ಎಂಟು ಕೊಲಿ ಮುಗಿಸ್ಯಾರ!"

ಅಕ್ಕೋರು ಅವ್ವನನ್ನು ಗೌರವದಿಂದ, ಸ್ವಲ್ಪ ದೂರದಿಂದ ನೋಡಿದರು.

ಅವ್ವ ಮೆಲ್ಲಗೆ ಹೇಳಿದಳು: "ನೀವು ಕೊಟ್ರಿ, ನಾ ಓದಿದೆ."

"ನೀವು ಬೇಡಿದ್ರಿ, ನಾ ಕೊಟ್ಟೆ."

"ನಾನ್ಯಾವಾಗ ಬೇಡೀನ್ರಿ? ನಿಮ್ಮವ್ವಾರಿಗೆ ಇದ ಸರಿ ಅಂದ್ರಂತ..."

ಮೂವರೂ ತಿರುಗಿ ಮೇಜಿನ ಎತ್ತರಕ್ಕಿಂತ ಒಂದು ಗೇಣು ಹೆಚ್ಚಿದ್ದ ನನ್ನನ್ನು ನೋಡಿದರು. ಹೊರಗಿನ ಕಟ್ಟೆಯ ಮೇಲೂ ಹಾಳೆ ಮಗುಚುವ ಸದ್ದು ನಿಂತಿತ್ತು. ನಾನು ದೇವರ ಕಪಾಟನ್ನು ನೋಡುತ್ತ ನಿಂತೆ. ಅಲ್ಲಿಂದ ಯಾವ ಸಹಾಯವೂ ಬರಲಿಲ್ಲ.

"ಆ ಕುಂಬಳಕಾಯೊಳಗ ಚೂರಿ ಮುಚ್ಚಿಟ್ಟ ಕತಿ?" ಕಾಕಾ ನಿಧಾನವಾಗಿ ಕೇಳಿದರು. "ಅದನ್ನ ಓದಿ ನಿಮ್ಮವ್ವ ಮೂರು ಸಲ ಚಪ್ಪಾಳಿ ತಟ್ಟಿದ್ಲು ಅಂದಿದ್ದೆಲ್ಲ ತಂಗಿ?"

"ಚಪ್ಪಾಳಿ ತಟ್ಟಿಲ್ರಿ" ಎಂದಳು ಅವ್ವ. ಒಂದು ಕ್ಷಣ ಬಿಟ್ಟು, "ಆದ್ರ ಅದೊಂದು ಚಲೋ ಇತ್ತು" ಎಂದಳು.

ಹೊಡೆತ ಬೀಳಬಹುದೆಂದು ಕಾದೆ. ಬೀಳಲಿಲ್ಲ. ಅವ್ವನಿಗೆ ಅದಕ್ಕಿಂತ ದೊಡ್ಡ ಕೆಲಸವಿತ್ತು. ಸೆರಗು ಸರಿಮಾಡಿಕೊಂಡು, ಪರ ಗಂಡಸಿನೊಂದಿಗೆ ಎಂದೂ ಅಷ್ಟು ಮಾತಾಡಿರದ ಅವಳು, ಚರಿಗೆ, ನಳ, ರೈಲು, ಕೂಸು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕಾಕಾ ಕಣ್ಣು ಮುಚ್ಚಿ ಕೇಳಿದರು.

"ಚರಿಗಿ ಹಿತ್ತಾಳಿದೋ ತಾಮ್ರದ್ದೋ?"

"ತಾಮ್ರದ್ದು."

"ಆಕಿ ಇಳಿಯೂ ಮುಂದ ಕೂಸಿನ ಯಾರ ಹಂತೇಕ ಬಿಡತಾಳ?"

"ಎದುರಿಗೆ ಒಬ್ಬಾಕಿ ಮುದುಕಿ ಕುಂತಿರತಾಳ."

"ಗೊತ್ತಾತು." ಕಾಕಾ ಕಣ್ಣು ತೆರೆದು ಪುಸ್ತಕದ ಹೆಸರು, ಬರೆದವರ ಹೆಸರು ಎರಡನ್ನೂ ಹೇಳಿದರು. ಆ ಹೆಸರುಗಳು ನನಗೆ ಇಂದಿಗೂ ನೆನಪಿವೆ. ಇಲ್ಲಿ ಬರೆಯುವುದಿಲ್ಲ, ಯಾಕೆಂದು ಮುಂದೆ ತಿಳಿಯುತ್ತದೆ. "ಅಳೂ ಕಪಾಟು, ಎರಡನೇ ಸಾಲು, ಗ್ವಾಡಿ ಕಡೆಯಿಂದ ಐದನೇದು" ಎಂದು ಅಭ್ಯಾಸಬಲದಿಂದ ಉಡದಾರಕ್ಕೆ ಕೈ ಹಾಕಿದರು. ಅಲ್ಲಿ ಕೀಲಿ ಇರಲಿಲ್ಲ. ಕೈ ಹಾಗೇ ನಿಂತಿತು.

"ಹರಕ ಆಗಿತ್ತು" ಎಂದರು ಅಕ್ಕೋರನ್ನು ನೋಡುತ್ತ. "ಹೋದ ವಾರ ತೆಗೆದು ಹಾಕಿದ್ದರಾಗ ಹೋತಲ್ಲ?"

ಅಕ್ಕೋರು ಪಟ್ಟಿ ನೋಡಿದರು. ಹೌದು. ಎರಡು ವರ್ಷ ಯಾರೂ ಕೇಳದೇ ಇದ್ದ ಹರಕು ಪುಸ್ತಕಗಳನ್ನು ರದ್ದಿಗೆ ಹಾಕುವುದು ನಿಯಮ. "ಯಾರೂ ಕೇಳಿರಲಿಲ್ರಿ" ಎಂದರು ಅವರು, ತಪ್ಪೊಪ್ಪಿಗೆಯ ದನಿಯಲ್ಲಿ. ಕಾಗದದ ಕಾರ್ಖಾನೆಯ ಊರಿನಲ್ಲಿ ರದ್ದಿ ಎಲ್ಲಿಗೆ ಹೋಗುತ್ತದೆಂದು ಕೇಳುವ ಅಗತ್ಯವಿರಲಿಲ್ಲ.

ಅವ್ವ ಕೇಳು ಎಂದ ಮೇಲೂ ನಾಲ್ಕು ಸೋಮವಾರ ಅದು ಅಲ್ಲೇ ಇತ್ತು. ನಾನು ನಿಲ್ಲುತ್ತಿದ್ದ ಜಾಗದಿಂದ ಆರು ಹೆಜ್ಜೆ.

ಅವ್ವ ಆಗಲೂ ನನಗೆ ಏನೂ ಅನ್ನಲಿಲ್ಲ. "ಇರಲಿ ಬಿಡ್ರಿ" ಎಂದು ಕಾಕಾ ಅವರಿಗೆ ಸಮಾಧಾನ ಹೇಳಿದಳು. ಆಗ ನಾನು ಅತ್ತೆ. ಎಲ್ಲಿ ಅತ್ತೆ ಎಂದು ಯಾರೂ ಕೇಳಲಿಲ್ಲ.

ಕೇಳಿದವರು ಅಕ್ಕೋರು, ಬೇರೆಯದನ್ನು. "ನಿನ್ನ ಅಕ್ಷರ ಹೆಂಗ ಐತಿ?"

"ದುಂಡಗ ಅದಾವ್ರಿ."

ಅವರು ಖಾನೆಯಿಂದ ಐದು ಅಂಚೆ ಕಾರ್ಡು ತೆಗೆದು ನನ್ನ ಮುಂದಿಟ್ಟರು. ಪುಸ್ತಕದ ಹೆಸರು, ಬರೆದವರ ಹೆಸರು ಗೊತ್ತಾದ ಮೇಲೆ ಯಾವ ಊರಿನ ಕಪಾಟಿನಲ್ಲಿದ್ದರೂ ತರಿಸಬಹುದು. ಅದಕ್ಕೊಂದು ಕ್ರಮವಿದೆ ಎಂದರು. ಕಾಕಾ ಅವರ ಐವತ್ತೆಂಟು ವರ್ಷದ ಬದುಕಿನಲ್ಲಿ ಈ ಕೋಣೆಯ ಹೊರಗಿನ ಕಪಾಟಿನ ವಿಚಾರ ಸುಳಿದಿರಲಿಲ್ಲ. "ಬ್ಯಾರೆ ಊರಿನವರು ಕೊಡ್ತಾರ?" ಎಂದು ಅಚ್ಚರಿಪಟ್ಟರು. ಅಕ್ಕೋರು ಹೇಳಿದ್ದನ್ನು ನಾನು ಬರೆದೆ. ಹಳಿಯಾಳಕ್ಕೊಂದು, ಮುಂಡಗೋಡಕ್ಕೊಂದು, ಧಾರವಾಡ, ಬೆಳಗಾವಿ, ಶಿರಸಿಗೆ ಒಂದೊಂದು. ಐದು ಸಲ ಅದೇ ಪುಸ್ತಕದ ಹೆಸರು. ಶಾಲೆಯ ಶಿಕ್ಷೆಗಳು ಇದರ ಮುಂದೆ ಏನೂ ಅಲ್ಲ.

ಆಮೇಲೆ ಅಕ್ಕೋರು ಹೊಸ ಕಾರ್ಡು ತೆಗೆದರು. "ಹೆಸರು ಹೇಳ್ರಿ."

ಅವ್ವ ಅಪ್ಪನ ಹೆಸರು ಹೇಳುವಂತಿಲ್ಲವಲ್ಲ, ನನ್ನ ಕಡೆ ನೋಡಿದಳು. "ಅವರದಲ್ರಿ. ನಿಮ್ಮ ಹೆಸರು" ಎಂದರು ಅಕ್ಕೋರು.

"ಶಾಂತವ್ವ" ಎಂದಳು ಅವ್ವ. ಕಟ್ಟೆಗೆ ಕೇಳಿಸುವಷ್ಟು ಗಟ್ಟಿಯಾಗಿ.

ಹೊರಡುವಾಗ ಕಾಕಾ ವಹಿಯಿಂದ ನಮ್ಮ ಮನೆಯ ಪುಟವನ್ನು ಜೋಪಾನವಾಗಿ ಕಿತ್ತು ಅವ್ವನ ಕೈಗಿತ್ತರು. "ಇದು ಇನ್ನ ಇಲ್ಲೆ ಬ್ಯಾಡ" ಎಂದರು. ಮನೆಗೆ ಬಂದು ಅವ್ವ ಅದನ್ನು ಎರಡು ಸಲ ಓದಿದಳು. ಮೇಲ್ಗಡೆ ಅತ್ತರು, ಅತ್ತರು. ಕೆಳಗೆ ಬರಬರುತ್ತ ಕೊಲೆ, ರಕ್ತ, ಚಪ್ಪಾಳೆ. "ಇದರಾಗಿನಾಕಿ ನನಗಿಂತ ಚಲೋ ಇದ್ದಾಳ ನೋಡ" ಎಂದು ಅದನ್ನು ಸಾಸಿವೆ ಡಬ್ಬಿಯ ಕೆಳಗೆ ಹಾಸಿದಳು. ನನಗೆ ಸಿಕ್ಕ ಬೈಗುಳ ಅಷ್ಟೇ. ಇನ್ನೂ ಬಾಕಿ ಇದೆಯೇನೋ ಎಂದು ನಾನು ಇಂದಿಗೂ ಕಾಯುತ್ತೇನೆ.

ಜೂನ್ ಬಂತು, ಶಾಲೆ ತೆರೆಯಿತು, ಕಾಕಾ ಹಳಿಯಾಳದ ಹತ್ತಿರದ ತಮ್ಮ ಹಳ್ಳಿಗೆ ಹೋದರು. ನಾನು ದಿನಾ ಶಾಲೆಯಿಂದ ನೇರ ಅಕ್ಕೋರ ಬಳಿ ಹೋಗುತ್ತಿದ್ದೆ. ಒಂದು ಊರಿನಿಂದ ಇಲ್ಲ ಎಂದು ಬಂತು. ಇನ್ನೊಂದರಿಂದ, ಇತ್ತು, ಈಗಿಲ್ಲ ಎಂದು. ಎರಡು ಊರಿನಿಂದ ಏನೂ ಬರಲಿಲ್ಲ. ಅವ್ವ ಈಗ ಕೇಳುತ್ತಿರಲಿಲ್ಲ, ಅದೇ ಹೆಚ್ಚು ಕಷ್ಟವಾಗಿತ್ತು. ಜುಲೈ ಮೊದಲ ವಾರ ಜಿಟಿಜಿಟಿ ಮಳೆಯಲ್ಲಿ ಮುಂಡಗೋಡದ ಬಸ್ಸಿನ ಕಂಡಕ್ಟರು ಪತ್ರಿಕೆಯಲ್ಲಿ ಸುತ್ತಿದ ಒಂದು ಕಟ್ಟನ್ನು ತಂದುಕೊಟ್ಟ. ರಟ್ಟು ಇತ್ತು. ಎಲ್ಲ ಹಾಳೆಗಳೂ ಇದ್ದವು. ಅಕ್ಕೋರು ಎಣಿಸಿದರು.

ಅವ್ವ ಓದುವುದನ್ನು ನಾನು ಎದುರಿಗೆ ಕೂತು ನೋಡಿದೆ. ಒಲೆಯ ಮೇಲೆ ಹೆಸರುಕಾಳು ಬೇಯುತ್ತಿತ್ತು. ಈ ಸಲ ನಾನು ಒಂದು ಪುಟವನ್ನೂ ಮುಂಚೆ ಓದಿರಲಿಲ್ಲ. ಮರುದಿನ ಮಧ್ಯಾಹ್ನ ಅವಳು ಪುಸ್ತಕ ಮುಚ್ಚಿದಳು.

"ಕೂಸು ಸಿಕ್ತೇನವಾ?"

"ಸಿಕ್ತು. ಇಪ್ಪತ್ತು ವರ್ಷದ ಮ್ಯಾಲೆ. ಸಾಹೇಬ ಆಗಿ ಬರತಾನ, ಅಂಗೈ ಮ್ಯಾಲಿನ ಮಚ್ಚಿ ನೋಡಿ ಗುರ್ತು ಹಿಡೀತಾಳ."

"ಚಲೋ ಐತಿ?"

ಎಂದೂ ಬೇರೆ ಮಾತಾಡದ ಅವ್ವ ತಲೆಯಾಡಿಸಿದಳು. "ಚಲೋ ಇಲ್ಲ. ಇಪ್ಪತ್ತು ವರ್ಷ ಯಾಕ ಬೇಕು? ಎದುರಿಗೆ ಮುದುಕಿ ಇರಲಿಲ್ಲೇನು? ಆಕಿ ಕೂಸಿನ ತಗೊಂಡು ಮುಂದಿನ ಟೇಶನ್ನಿಗೆ ಇಳದು ಬೆಂಚಿನ ಮ್ಯಾಲೆ ಕುಂತಿರತಾಳ. ಇಕಿ ಹಳಿ ಗುಂಟ ಓಡಿ ಓಡಿ ಸಂಜಿಕ ಮುಟ್ಟತಾಳ. ಚರಿಗ್ಯಾಗ ನೀರು ಹಂಗ ಇರತೈತಿ. ನಾ ಇಷ್ಟ್ ದಿನ ಹಂಗ ತಿಳಕೊಂಡಿದ್ದೆ."

ಆ ಬರೆದವರ ಮೊಮ್ಮಕ್ಕಳು ಎಲ್ಲಿಯಾದರೂ ಇದ್ದಾರು. ಹೆಸರು ಹೇಳದಿರಲು ಅದೇ ಕಾರಣ.

ಅವತ್ತೇ ಕಾಕಾಗೆ ಒಂದು ಕಾರ್ಡು ಬರೆದೆ. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ. ನನ್ನ ಮೊದಲ ಪ್ರಾಮಾಣಿಕ ವರದಿ. ಅವರ ಉತ್ತರ ಬಂತು: "ನಿಮ್ಮ ಅವ್ವನವರು ಹೇಳಿದ್ದೇ ಸರಿ. ಬರೆದುಕೊಂಡಿದ್ದೇನೆ." ಎಲ್ಲಿ ಬರೆದುಕೊಂಡರೋ, ವಹಿ ಅಕ್ಕೋರ ಬಳಿಯಿತ್ತು. ಅವ್ವ ಮಾತ್ರ ಮುಂದಿನ ವಾರ ತಾನೇ ಹೋಗಿ, ಬೀಗವಿಲ್ಲದ ಕಪಾಟುಗಳ ಮುಂದೆ ಬಹಳ ಹೊತ್ತು ನಿಂತು, ತನ್ನ ಕಾರ್ಡಿಗೆ ಒಂದು ಡಕಾಯಿತನನ್ನು ತಂದಳು.

ಆ ಕೋಣೆ ಈಗ ಇಲ್ಲ, ಕಟ್ಟೆ ಇದೆ. ಅದರ ಮೇಲೆ ಕೂತವರು ಫೋನು ನೋಡುತ್ತಾರೆ; 'ಮೂರನೇ ಪಾನು' ಎಲ್ಲರ ಕೈಯಲ್ಲೂ ಇರುವುದರಿಂದ ಯಾರೂ ಯಾರನ್ನೂ ಕೂಗುವುದಿಲ್ಲ. ನನ್ನ ತಮ್ಮನ ಮಗಳು ದೀಪಾ ಹಳಿಯಾಳದ ಬಳಿಯ ಒಂದು ಹಳ್ಳಿಯಲ್ಲಿ ಗ್ರಂಥಪಾಲಕಿ. ಅವಳ ಕೆಲಸ ನೋಡಿದರೆ ಕಾಕಾ ಅಳುವ ಕಪಾಟಿಗೆ ಹೋಗುತ್ತಿದ್ದರೇನೋ. ಬೆಳಿಗ್ಗೆ ಕಂಪ್ಯೂಟರು ತೆರೆದು ಹುಡುಗರಿಗೆ ಪೊಲೀಸ್ ಪರೀಕ್ಷೆಯ ಅರ್ಜಿ ತುಂಬುತ್ತಾಳೆ, ಅಜ್ಜಂದಿರು ಮರೆತ ಪಾಸ್‌ವರ್ಡು ಹುಡುಕಿಕೊಡುತ್ತಾಳೆ, ಅಂಗನವಾಡಿ ಮಕ್ಕಳಿಗೆ ಪರದೆಯ ಮೇಲೆ ಕತೆ ತೋರಿಸುತ್ತಾಳೆ. ಕೈ ಚುರುಕು, ತಲೆ ಇನ್ನೂ ಚುರುಕು. ಹೋದ ವರ್ಷ ನಾನು ಈ ರೈಲಿನ ಕತೆ ಹೇಳಿದಾಗ, ಚಹಾ ಆರುವುದರೊಳಗೆ ಆ ಪುಸ್ತಕದ ಪ್ರತಿ ಹಾಳೆಯನ್ನೂ ಎಲ್ಲಿಂದಲೋ ಹುಡುಕಿ ನನ್ನ ಫೋನಿಗೆ ಕಳಿಸಿದಳು. ನಾನು ಐದು ಕಾರ್ಡು ಬರೆದು, ಐದು ವಾರ ಕಾದು, ಕಲಿತದ್ದೇನು ಎಂದು ಅವಳಿಗೆ ವಿವರಿಸಲಾಗಲಿಲ್ಲ.

ಓದಿದವರ ಅಭಿಪ್ರಾಯವನ್ನು ಈಗ ಯಂತ್ರವೂ ಕೇಳುತ್ತದೆ, ನಕ್ಷತ್ರ ಕೊಡಿ ಎಂದು. ಎಲ್ಲಿ ಅತ್ತಿರಿ ಎಂದು ಕೇಳುವುದಿಲ್ಲ. ನಿಮಗೆ ಇದು ಇಷ್ಟವಾಗಬಹುದು ಎಂದು ತಾನೇ ಆರಿಸಿಯೂ ಕೊಡುತ್ತದೆ. ನನ್ನ ಫೋನನ್ನು ದೀಪಾಳ ಮಗ ಹಿಡಿದು ಆಡುವುದರಿಂದ ಅದಕ್ಕೆ ನಾನು ಆರು ವರ್ಷದವಳೆಂದೂ ಡೈನೋಸಾರ್‌ಗಳ ಮೇಲೆ ಬಹಳ ಪ್ರೀತಿಯೆಂದೂ ನಂಬಿಕೆ. ಸುಳ್ಳು ವರದಿ ನಂಬಿ ಪುಸ್ತಕ ಕೊಡುವುದರಲ್ಲಿ ನಾವು ಒಂದು ಹೆಜ್ಜೆಯೂ ಹಿಂದೆ ಬಿದ್ದಿಲ್ಲ. ಆದರೆ ಮುಖಾಮುಖಿಯಾದ ದಿನ ಎದ್ದು ನಿಂತು, ಕುರ್ಚಿ ಸರಿಸಿ, ಬರ್ರಿ ತಾಯಿ ಎನ್ನುವವರು ಆ ಕಡೆ ಯಾರೂ ಇಲ್ಲ.

ಅವ್ವನಿಗೆ ಈಗ ಎಂಬತ್ತು ದಾಟಿದೆ, ನಮ್ಮ ಜೊತೆಗೇ ಇದ್ದಾಳೆ. ರೈಲಿನ ಪುಸ್ತಕ ಫೋನಿನಲ್ಲಿ ಬಂದಿದೆ, ಓದಿ ಹೇಳಲೇ ಎಂದರೆ ಬೇಡ ಎಂದಳು. ದೀಪಾ ಪಟ್ಟು ಬಿಡಲಿಲ್ಲ. "ಅಜ್ಜಿ, ಬ್ಯಾರೆ ಯಾವದರ ಬೇಕಾ? ನೀ ಹೇಳೂದ ತಡ, ತರತೇನಿ."

ಅವ್ವನ ಕಣ್ಣು ಸ್ವಲ್ಪ ಅರಳಿತು. "ಕುಂಬಳಕಾಯೊಳಗ ಚೂರಿ ಮುಚ್ಚಿಟ್ಟಿರತಾರಲ್ಲ, ಅದು ಐತೇನು ನೋಡು."

"ಹೆಸರೇನು ಪುಸ್ತಕದ್ದು?"

"ರುದ್ರಪ್ಪನವರಿಗೆ ಗೊತ್ತಿತ್ತು."

ದೀಪಾ ಕುಂಬಳಕಾಯಿ, ಚೂರಿ ಎರಡನ್ನೂ ಹಾಕಿ ಹುಡುಕಿದಳು. ಪಲ್ಯ ಮಾಡುವ ಹನ್ನೊಂದು ವಿಧಾನಗಳು ಬಂದವು. ಗ್ರಂಥಪಾಲಕರ ಗುಂಪಿಗೆ ಬರೆದು ಕೇಳಿದಳು, ಎರಡು ದಿನ ಕಾದಳು. ಪುಸ್ತಕ ಸಿಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಕುಂಬಳಕಾಯಿ ಪಲ್ಯ ಮಾಡಿದೆವು.